ಎಂಟನೇ ಕ್ಲಾಸಿನ ಯೂನಿಫಾರಂ

ನಾನು ವಿಳಿಂಜಂಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಬ್ಯಾಂಕ್ ಕೆಲಸ, ವರ್ಗಾವಣೆಯ ಮೇಲೆ ತಿರುವನಂತಪುರಕ್ಕೆ ಬಂದವ. ಎರಡು ವರ್ಷ ಇದ್ದು ಊರಿಗೆ ಓಡಿಬಿಡುವುದು ಅಂದುಕೊಂಡಿದ್ದೆ. ಆಮೇಲೆ ಮದುವೆ, ಮನೆ ಸಾಲ, ಮಗಳು... ಗೊತ್ತಲ್ಲ, ನಿಮ್ಮದೂ ಹೆಚ್ಚುಕಡಿಮೆ ಇದೇ ಕಥೆ ಇರಬಹುದು. ಊರಿನ ನೆನಪು ಬರುವುದಕ್ಕೆ ಇಲ್ಲಿ ಕಾರಣ ಹುಡುಕಬೇಕಿಲ್ಲ. ಕಡಲು ಅದೇ, ಮಳೆ ಅದೇ, ಕುಚ್ಚಲಕ್ಕಿ ಗಂಜಿಯೂ ಅದೇ. ಮತ್ತೆ ತಿರುವನಂತಪುರದ ಕಡೆಯವರು ಬೇರೆ ಮಲಯಾಳಿಗಳ ಹಾಗೆ 'ಚೇಟ್ಟಾ' ಅನ್ನುವುದು ಕಡಿಮೆ, 'ಅಣ್ಣಾ' ಎಂದೇ ಕರೆಯುತ್ತಾರೆ. ಮೊದಲ ಸಲ ಮೀನು ಮಾರ್ಕೆಟ್ಟಿನಲ್ಲಿ ಯಾರೋ ಹಿಂದಿನಿಂದ "ಅಣ್ಣಾ" ಅಂದಾಗ ನಮ್ಮ ಊರಿನವರೇ ಸಿಕ್ಕಿಬಿಟ್ಟರು ಅಂತ ತಿರುಗಿ ನೋಡಿದ್ದೆ!

ಇರಲಿ. ಇವತ್ತು ಹೇಳಹೊರಟಿದ್ದು ಮಗಳ ಯೂನಿಫಾರಂ ವಿಷಯ.

2025ರ ಜೂನಿನಲ್ಲಿ ಅವಳು ಏಳು ಮುಗಿಸಿ ಎಂಟಕ್ಕೆ ಹೋದಳು. ಕೇರಳದಲ್ಲಿ ಎಂಟು ಅಂದರೆ ಹೈಸ್ಕೂಲು. ಮೇ ತಿಂಗಳ ಮಧ್ಯದಲ್ಲಿ ಶಾಲೆಯಲ್ಲಿ ತಂದೆತಾಯಿಯರ ಮೀಟಿಂಗ್ ಕರೆದರು. ಕೈಗೊಂದು ಚೀಟಿ ಕೊಟ್ಟರು. ಹುಡುಗಿಯರಿಗೆ ಚೂಡಿದಾರ್, ಮೇಲೊಂದು ಓವರ್‌ಕೋಟು, ಎರಡು ಜಡೆ, ಜಡೆಗೆ ಇಂಥದೇ ಬಣ್ಣದ ರಿಬ್ಬನ್, ಕಪ್ಪು ಶೂ, ಬಿಳಿ ಕಾಲುಚೀಲ. ಏಳರವರೆಗಿನ ಸ್ಕರ್ಟು ಇನ್ನು ನಡೆಯುವುದಿಲ್ಲ. ಬಟ್ಟೆ ಇಂಥ ಅಂಗಡಿಯಲ್ಲೇ ತೆಗೆದುಕೊಂಡರೆ ಬಣ್ಣ ಸರಿಹೊಂದುತ್ತದೆ ಅಂತ ಕೊನೆಯಲ್ಲೊಂದು ಸಾಲು. ಮನೆಗೆ ಬಂದು ಲೆಕ್ಕ ಹಾಕಿದೆ. ಎರಡು ಜೊತೆಗೆ ಬಟ್ಟೆ, ಹೊಲಿಗೆ, ಶೂ, ಬ್ಯಾಗು, ಕೊಡೆ ಎಲ್ಲ ಸೇರಿ ನಾಲ್ಕು ಸಾವಿರ ದಾಟಿತು.

ನನಗೆ ನಾಲ್ಕು ಸಾವಿರ ಭಾರವಲ್ಲ. ಹಾಗಾಗಿ ಮೀಟಿಂಗಿನಲ್ಲಿ ಸುಮ್ಮನೆ ಕೂತಿದ್ದೆ. ಯಾರಿಗಾದರೂ ಏನಾದರೂ ಕೇಳುವುದಿದೆಯಾ ಅಂದಾಗಲೂ ತಲೆ ಎತ್ತಲಿಲ್ಲ. ನನ್ನ ಮಲಯಾಳಂ ಇವತ್ತಿಗೂ ಬ್ಯಾಂಕ್ ಕೌಂಟರ್ ದಾಟಿದರೆ ಎಡವುತ್ತದೆ. ಅದೂ ಅಲ್ಲದೆ, ಹೊರಗಿಂದ ಬಂದವರು ನಾವು, ನಮಗ್ಯಾಕೆ ಊರ ಉಸಾಬರಿ ಅನ್ನುವ ಬುದ್ಧಿ ಒಂದಿದೆಯಲ್ಲ, ವಲಸೆ ಬಂದವರಿಗೆಲ್ಲ ಇರುವಂಥದ್ದು, ಅದೂ ಇತ್ತು.

ಮಾರನೇ ದಿನವೇ ಮುಕ್ಕೋಲದ ಟೈಲರ್ ಹತ್ತಿರ ಅಳತೆ ಕೊಟ್ಟು ಬಂದೆವು. ಮೇ ತಿಂಗಳಲ್ಲಿ ಕೇರಳದ ಟೈಲರ್ ಅಂದರೆ ಮಂತ್ರಿಗಿಂತ ದೊಡ್ಡವ. "ನೋಕ್ಕಾಂ" ಅಂದ. ನೋಡೋಣ ಅಂತ ಅರ್ಥ. ಅಂದರೆ ಜೂನ್ ಒಳಗೆ ಆಗುವುದಿಲ್ಲ ಅಂತಲೂ ಅರ್ಥ.

ಆ ವರ್ಷ ಮಳೆಗಾಲವೂ ಎಂಟು ದಿನ ಮೊದಲೇ, ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು. ಅದೇ ದಿನ ಎಂಎಸ್‌ಸಿ ಎಲ್ಸಾ 3 ಅನ್ನುವ ಕಂಟೇನರ್ ಹಡಗು ಕೊಚ್ಚಿಯ ಹೊರಗೆ ಕಡಲಲ್ಲಿ ವಾಲಿತು, ಮರುದಿನ ಮುಳುಗಿತು. ಅದು ಹೊರಟಿದ್ದು ನಮ್ಮ ವಿಳಿಂಜಂ ಬಂದರಿನಿಂದಲೇ. ಮೇ 2ರಂದು ಪ್ರಧಾನಿ ಬಂದು ಉದ್ಘಾಟಿಸಿ ಹೋದ ಬಂದರು, ತಿಂಗಳು ತುಂಬುವ ಮೊದಲೇ ಈ ಸುದ್ದಿ. ಹಡಗಿನಲ್ಲಿದ್ದ 24 ಜನರೂ ಬದುಕಿದರು, ಅದು ಪುಣ್ಯ. ಆದರೆ 640 ಕಂಟೇನರ್ ಇದ್ದವಂತೆ, ಕೆಲವುದರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ನಮ್ಮ ಕಡೆಯ ದಡಕ್ಕೂ ಸಾಬಕ್ಕಿಯ ಹಾಗೆ ಬಿಳಿ ಪ್ಲಾಸ್ಟಿಕ್ ಕಾಳು ರಾಶಿ ರಾಶಿ ಬಂದು ಬಿತ್ತು. ಮುಳುಗಿದ ಜಾಗದ ಸುತ್ತ 20 ನಾಟಿಕಲ್ ಮೈಲಿಯೊಳಗೆ ಮೀನು ಹಿಡಿಯಬೇಡಿ ಅಂದರು. ಜನ ಮೀನು ತಿನ್ನುವುದಕ್ಕೇ ಹೆದರಿದರು. ಸರ್ಕಾರ ನಾಲ್ಕು ಜಿಲ್ಲೆಯ ಮೀನುಗಾರ ಕುಟುಂಬಗಳಿಗೆ ಸಾವಿರ ರೂಪಾಯಿ ಮತ್ತು ಆರು ಕಿಲೋ ಅಕ್ಕಿ ಘೋಷಿಸಿತು.

ನಮ್ಮ ಮನೆಗೆ ಮೀನು ತರುವ ಚೇಚ್ಚಿ ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಬಂದಾಗ ಬೋಗುಣಿ ತುಂಬಾ ಮೀನು ಹಾಗೇ ಇತ್ತು. ಐದು ಮನೆ ತಿರುಗಿದರೂ ಒಬ್ಬರೂ ಕೊಂಡಿಲ್ಲ. ನಾವು ಅರ್ಧ ಕಿಲೋ ತೆಗೆದುಕೊಂಡೆವು. ಚೇಚ್ಚಿಯ ಮಗಳೂ ನನ್ನ ಮಗಳೂ ಒಂದೇ ಕ್ಲಾಸು. ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಾ ನನ್ನ ಹೆಂಡತಿಯ ಹತ್ತಿರ, ನಿಮ್ಮ ಗುರುತಿನವರ ಮನೆಯಲ್ಲಿ ಎಂಟನೇ ಕ್ಲಾಸಿನ ಹಳೇ ಯೂನಿಫಾರಂ ಯಾವುದಾದರೂ ಇರಬಹುದಾ ಅಂತ ಕೇಳಿದಳು. ಆಮೇಲೆ ತಾನೇ ಹೇಳಿದಳು, ಸಿಗದಿದ್ದರೂ ಪರವಾಗಿಲ್ಲ, ಸೀಸನ್ ಶುರುವಾದ ಮೇಲೆ ಕಳಿಸಿದರಾಯಿತು. ವಿಳಿಂಜಂನ ಸೀಸನ್ ಅಂದರೆ ಮಳೆಗಾಲ. ಬೇರೆ ಕಡೆ ಕಡಲಿಗೆ ಇಳಿಯಲು ಆಗದಾಗ ಇಲ್ಲಿಯ ಬಂದರಿನೊಳಗೆ ನೀರು ಶಾಂತವಾಗಿರುತ್ತದೆ, ಸುತ್ತಲಿನ ಊರಿನ ದೋಣಿಗಳೆಲ್ಲ ಇಲ್ಲಿಗೇ ಬರುತ್ತವೆ.

"ಸೀಸನ್ ಬಂದ ಮೇಲೆ" ಅನ್ನುವ ಮಾತು ನನ್ನ ಕಿವಿಗೆ ಬಿತ್ತು ನೋಡಿ, ಕೈಯಲ್ಲಿದ್ದ ಪೇಪರ್ ಓದಲು ಆಗಲಿಲ್ಲ.

ನನ್ನ ಅಕ್ಕ 1986ರಲ್ಲಿ ಏಳನೇ ಕ್ಲಾಸು ಪಾಸಾದಳು. ಕುಂದಾಪುರದ ಕಡೆ ನಮ್ಮದು ಸಣ್ಣ ಊರು, ಹೈಸ್ಕೂಲಿಗೆ ನಾಲ್ಕು ಮೈಲಿ. ಹೈಸ್ಕೂಲಿನ ಹುಡುಗಿಯರಿಗೆ ನೀಲಿ ಲಂಗ, ಬಿಳಿ ರವಿಕೆ, ಬಿಳಿ ದಾವಣಿ. ಎರಡು ಜೊತೆ ಬೇಕು, ಮಳೆಗಾಲದಲ್ಲಿ ಒಂದು ಒಣಗುವುದೇ ಇಲ್ಲ. ಅಪ್ಪ ಹೇಳಿದ್ದು, "ಭತ್ತ ಮನೆಗೆ ಬರ್ಲಿ, ಕಾಂಬ." ಭತ್ತ ಬರುವಾಗ ಅರ್ಧ ವರ್ಷ ಕಳೆದಿತ್ತು. ಮುಂದಿನ ವರ್ಷ ನೋಡುವ ಅಂದರು. ಆ ಮುಂದಿನ ವರ್ಷ ಬರಲಿಲ್ಲ. ಅಕ್ಕ ಬೀಡಿ ಕಟ್ಟಲು ಕೂತಳು. 1989ರಲ್ಲಿ ನಾನು ಎಂಟಕ್ಕೆ ಹೋದಾಗ ನನ್ನ ಖಾಕಿ ಚಡ್ಡಿ, ಬಿಳಿ ಅಂಗಿ ಎರಡೂ ಹೊಲಿಸಿದ್ದು ಅಕ್ಕನ ಬೀಡಿ ದುಡ್ಡಿನಲ್ಲಿ. ಇದನ್ನು ನಾನು ಯಾರಿಗೂ ಹೆಚ್ಚು ಹೇಳಿದವನಲ್ಲ. ಅಕ್ಕ ಅಂತೂ ಹೇಳಿಕೊಂಡದ್ದೇ ಇಲ್ಲ.

ಯೂನಿಫಾರಂ ಅಂದರೆ ಬಡವ ಶ್ರೀಮಂತ ಭೇದ ಕಾಣಬಾರದು ಅಂತ ಮಾಡಿದ್ದು ಅಂತ ನಾವೆಲ್ಲ ಓದಿದ್ದೇವೆ. ಒಳಗೆ ಬಂದವರ ಮಟ್ಟಿಗೆ ಅದು ನಿಜ. ಬಾಗಿಲ ಹೊರಗೆ ನಿಂತವರ ಲೆಕ್ಕ ಬೇರೆ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಸಮಗ್ರ ಶಿಕ್ಷಾದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಎರಡು ಜೊತೆಗೆ ವರ್ಷಕ್ಕೆ 600 ರೂಪಾಯಿ ಲೆಕ್ಕ ಇದೆ, ಅದು ಎಂಟನೇ ತರಗತಿವರೆಗೆ. ಕೇರಳ 2017ರಲ್ಲಿ ಕೈಮಗ್ಗದ ಯೂನಿಫಾರಂ ಶುರುಮಾಡಿತು, ಕೆಳಗಿನ ತರಗತಿಯವರಿಗೆ ಉಚಿತ ಬಟ್ಟೆ, ಮಗ್ಗದವರಿಗೂ ಕೆಲಸ. ಇಲ್ಲಿಂದ ಹತ್ತು ಕಿಲೋಮೀಟರ್ ಒಳಗೇ ಬಾಲರಾಮಪುರ, ಕಸವು ಮುಂಡಿಗೆ ಹೆಸರಾದ ಮಗ್ಗದ ಊರು. ನಮ್ಮ ಕರ್ನಾಟಕದ ವಿದ್ಯಾವಿಕಾಸ ಯೋಜನೆ ಸರ್ಕಾರಿ ಶಾಲೆಯಲ್ಲಿ ಹತ್ತರವರೆಗೂ ಬಟ್ಟೆ ಕೊಡುತ್ತದೆ. ಅಕ್ಕನ ಕಾಲಕ್ಕೆ ಅದು ಇದ್ದಿದ್ದರೆ... ಆದರೆ ನನ್ನ ಮಗಳದ್ದು ಅನುದಾನಿತ ಶಾಲೆ, ಹೈಸ್ಕೂಲಿನ ಬಟ್ಟೆ ಅಪ್ಪ ಅಮ್ಮನ ಜೇಬಿನದ್ದು.

ಸುದ್ದಿಯಲ್ಲಿ ಯೂನಿಫಾರಂ ಬರುವುದು ಮಾತ್ರ ಬೇರೆ ಕಾರಣಕ್ಕೆ. ಎರ್ನಾಕುಲಂ ಜಿಲ್ಲೆಯ ವಳಯಂಚಿರಙರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಹುಡುಗ ಹುಡುಗಿ ಎಲ್ಲರಿಗೂ ಮುಕ್ಕಾಲು ಚಡ್ಡಿ, ಶರ್ಟು ಮಾಡಿದರು. 2021ರ ಡಿಸೆಂಬರಿನಲ್ಲಿ ಕೋಯಿಕ್ಕೋಡಿನ ಬಾಲುಶ್ಶೇರಿಯ ಹೈಯರ್ ಸೆಕೆಂಡರಿ ಹುಡುಗಿಯರು ಪ್ಯಾಂಟು ಶರ್ಟಿನಲ್ಲಿ ಬಂದಾಗ ದೊಡ್ಡ ಚರ್ಚೆಯಾಯಿತು. ಯಾರ ಮೇಲೂ ಹೇರುವುದಿಲ್ಲ ಅಂತ ಸರ್ಕಾರ 2022ರಲ್ಲಿ ಹೇಳಿತು. ಅದೇ ವರ್ಷ ನಮ್ಮ ಉಡುಪಿಯಿಂದ ಎದ್ದ ಹಿಜಾಬ್ ವಿಷಯ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಗಿ ಇಬ್ಬರು ನ್ಯಾಯಾಧೀಶರ ಭಿನ್ನ ತೀರ್ಪಿನಲ್ಲಿ ನಿಂತಿತು. 2025ರ ಅಕ್ಟೋಬರಿನಲ್ಲಿ ಕೊಚ್ಚಿಯ ಪಳ್ಳುರುತ್ತಿಯ ಒಂದು ಶಾಲೆಯಲ್ಲೂ ಅದೇ, ಆ ಹುಡುಗಿಯೂ ಎಂಟನೇ ಕ್ಲಾಸು. ಶಾಲೆಗೆ ಎರಡು ದಿನ ರಜೆ, ಟೀವಿಯಲ್ಲಿ ಗಲಾಟೆ, ಕೊನೆಗೆ ಆ ಮಗುವನ್ನು ಬೇರೆ ಶಾಲೆಗೆ ಸೇರಿಸುತ್ತೇವೆ ಅಂದರು ಮನೆಯವರು. ಯಾರು ಸರಿ ಅಂತ ನಾನು ತೀರ್ಪು ಕೊಡುವವನಲ್ಲ. ನನಗೆ ಕಂಡದ್ದು ಇಷ್ಟೇ, ಬಟ್ಟೆಯ ವಿಷಯದಲ್ಲಿ ದೊಡ್ಡವರು ಜಗಳ ಆಡಿದಾಗ ಕ್ಲಾಸು ತಪ್ಪುವುದು ಮಕ್ಕಳದ್ದು. ಅಲ್ಲಿ ಕ್ಯಾಮೆರಾ ಆದರೂ ಬಂತು. ದುಡ್ಡಿಲ್ಲದೆ ತಪ್ಪಿದ ಕ್ಲಾಸಿಗೆ ಯಾವ ಟೀವಿಯೂ ಬರುವುದಿಲ್ಲ.

ಆ ಸಂಜೆ ಹೆಂಡತಿಗೆ ಹೇಳಿದೆ, "ಆ ಹುಡುಗಿಗೂ ಒಂದು ಜೊತೆ ನಾವೇ ಹೊಲಿಸಿಕೊಡುವ." ಅವಳು ಕುಂಬಳೆಯ ಕಡೆಯವಳು. ಕೇರಳದ ಎಸ್ಸೆಸ್ಸೆಲ್ಸಿಯನ್ನು ಕನ್ನಡ ಮಾಧ್ಯಮದಲ್ಲಿ ಬರೆದವಳು. (ಕೇರಳದ ಪಠ್ಯಪುಸ್ತಕ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದೆ ಅಂತ ನನಗೆ ಗೊತ್ತಾದದ್ದೇ ಮದುವೆಯಾದ ಮೇಲೆ. ಮಗಳ ಸಮಾಜ ಪಾಠವನ್ನು ನಾನು ಈಗ ಆ ಕನ್ನಡ ಪುಸ್ತಕದಲ್ಲಿ ಓದಿಯೇ ಹೇಳಿಕೊಡುವುದು.) ಅವಳು ಹೇಳಿದಳು, "ನೀವು ಕೊಟ್ಟರೆ ನಾಳೆಯಿಂದ ಅವಳು ನಮ್ಮ ಮನೆಗೆ ಮೀನು ತರುವಾಗ ತಲೆ ತಗ್ಗಿಸಿ ಬರಬೇಕು. ಮತ್ತೆ ಆ ಕ್ಲಾಸಿನಲ್ಲಿ ಇಂಥವರು ಇವಳೊಬ್ಬಳೇನಾ? ಶಾಲೆಯಲ್ಲಿ ಕೇಳುವ."

ಕೇಳಲು ಹೋದೆವು. ಮಾತಾಡಿದ್ದು ಅವಳೇ. ಅವಳ ಕಾಸರಗೋಡಿನ ಮಲಯಾಳಂ ಕೇಳಿದರೆ ತಿರುವನಂತಪುರದವರಿಗೆ ನಗು ಬರುತ್ತದೆ. ಹೆಡ್‌ಮಿಸ್ಟ್ರೆಸ್ ಕೂಡ ಮೊದಲು ಸಣ್ಣಗೆ ನಕ್ಕರು. ಇವಳು ಲೆಕ್ಕಿಸದೆ ಹೇಳಿದಳು, ಹಡಗು ಮುಳುಗಿ ಕಡಲ ಕರೆಯವರ ಕೈಯಲ್ಲಿ ಕಾಸಿಲ್ಲ, ಓಣಂವರೆಗೆ ಹಳೇ ಯೂನಿಫಾರಂನಲ್ಲೇ ಬರಲಿ ಅಂತ ಎಲ್ಲರಿಗೂ ಹೇಳಿಬಿಡಿ. ಪಿಟಿಎ ತೀರ್ಮಾನ, ಶಿಸ್ತಿನ ಪ್ರಶ್ನೆ ಅಂದರು ಅವರು. ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡಲಿಲ್ಲವಲ್ಲ ಅಂದರು. ನಾನು ನೆಲ ನೋಡಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಓಣಂವರೆಗೆ ಆಗಬಹುದು, ಆದರೆ ಬೇಕಾದವರು ಕಾರಣ ಬರೆದು ಪತ್ರ ಕೊಡಬೇಕು.

ಚೇಚ್ಚಿ ಪತ್ರ ಕೊಡಲಿಲ್ಲ. ಏನಂತ ಬರೆಯುವುದು, ದುಡ್ಡಿಲ್ಲ ಅಂತಲಾ? ಅದು ಅವಳು ನಮಗೆ ಹೇಳಿದ ಮಾತು. ಕಾರಣ ಬರೆಯಿರಿ ಅನ್ನುವವರಿಗೆ ಆ ಒಂದು ಸಾಲು ಎಷ್ಟು ಭಾರ ಅಂತ ಗೊತ್ತಿರುವುದಿಲ್ಲ. ಬ್ಯಾಂಕಿನಲ್ಲಿ ಕೂತು ನಾನೂ ಎಷ್ಟು ಜನರಿಗೆ ಹೇಳಿಲ್ಲ, ಕಾರಣ ಬರೆದು ಕೊಡಿ ಅಂತ!

ಜೂನ್ 2, ಸೋಮವಾರ, ಪ್ರವೇಶನೋತ್ಸವ. ನಮ್ಮ ಟೈಲರ್ "ನೋಕ್ಕಾಂ" ಅಂದದ್ದನ್ನು ಉಳಿಸಿಕೊಂಡಿದ್ದ, ಬಟ್ಟೆ ಆಗಿರಲಿಲ್ಲ. ಮಗಳನ್ನು ಹಳೇ ಸ್ಕರ್ಟಿನಲ್ಲೇ ಕಳಿಸಿದೆವು. ಪತ್ರದಲ್ಲಿ ಹೆಂಡತಿ ಬರೆದದ್ದು ಒಂದೇ ಸಾಲು, "ಹೊಲಿದು ಆಗಿಲ್ಲ." ಸಂಜೆ ಮಗಳು ಬಂದು ಹೇಳಿದಳು, "ಅಪ್ಪಾ, ನಾವು ಒಂಬತ್ತು ಜನ ಹಳೇ ಯೂನಿಫಾರಂ." ಚೇಚ್ಚಿಯ ಮಗಳು ಬಂದಿರಲಿಲ್ಲ. ಸಂಜೆ ಹೆಂಡತಿ ಅವರ ಮನೆಗೆ ಹೋಗಿ ಬಂದಳು. ಏನು ಮಾತಾಯಿತು ಅಂತ ನಾನು ಕೇಳಲಿಲ್ಲ. ಗುರುವಾರ ಆ ಹುಡುಗಿ ಬಂದಳು, ಹಳೇ ಸ್ಕರ್ಟು, ಪತ್ರದಲ್ಲಿ ಅದೇ ಸಾಲು. ಹೊಲಿದು ಆಗಿಲ್ಲ. ಅದು ಸುಳ್ಳೂ ಅಲ್ಲವಲ್ಲ.

ಆಮೇಲೆ ಕುಟುಂಬಶ್ರೀಯ ಸಾಲದಲ್ಲಿ ಚೇಚ್ಚಿ ಬಟ್ಟೆ ತೆಗೆದಳು. ಓಣಂಗೆ ಮೊದಲೇ ಆಯಿತು. ಈ ಮಧ್ಯೆ ಹೈಸ್ಕೂಲಿನ ಸಮಯವೂ ದಿನಕ್ಕೆ ಅರ್ಧ ಗಂಟೆ ಹೆಚ್ಚಿತು, ಒಂಬತ್ತೂ ಮುಕ್ಕಾಲಿಂದ ನಾಲ್ಕೂ ಕಾಲು. ಎಂಟರ ಮಕ್ಕಳು ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಶೇಕಡಾ 30 ತೆಗೆಯಲೇಬೇಕು ಅನ್ನುವ ನಿಯಮ ಹಿಂದಿನ ವರ್ಷವೇ ಬಂದಿತ್ತು. ಒಂದು ವಾರ ಕ್ಲಾಸು ತಪ್ಪಿದರೂ ಈಗ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಮಕ್ಕಳ ಶಾಲೆಯಲ್ಲೂ ಮೇ ತಿಂಗಳಲ್ಲಿ ಇಂಥ ಮೀಟಿಂಗ್ ಕರೆಯುತ್ತಾರೆ. ಯಾರಿಗಾದರೂ ಏನಾದರೂ ಕೇಳುವುದಿದೆಯಾ ಅನ್ನುತ್ತಾರೆ. ಭಾಷೆ ಎಡವಿದರೂ ಎದ್ದು ಕೇಳಿ. ಬೇಡ ಅನ್ನಬೇಕಾಗಿಲ್ಲ, ಸ್ವಲ್ಪ ಸಮಯ ಕೊಡಿ, ಕಾರಣ ಕೇಳಬೇಡಿ ಅಂದರೆ ಸಾಕು. ನಾನು ಕೇಳಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಮಗಳ ಹೊಸ ಯೂನಿಫಾರಂ ಬಂದ ದಿನ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಫೋಟೋದಲ್ಲಿ ಚೇಚ್ಚಿಯ ಮಗಳೂ ಇದ್ದಳು, ಹಳೇ ಸ್ಕರ್ಟಿನಲ್ಲಿ. ರಾತ್ರಿ ಅಕ್ಕನ ಫೋನ್ ಬಂತು.

"ಬಣ್ಣ ಲಾಯ್ಕ್ ಇತ್ತ್ ಮಾರಾಯಾ. ಎಷ್ಟ್ ಕೊಟ್ಯಾ?"

ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಬದಿಯಂಗೆ ಇಪ್ಪ್ ಹೆಣ್ಣ್ ಯಾರ್? ಅದೂ ಶಾಲಿಗ್ ಹೋತಾ?"

"ಹೋತ್ ಅಕ್ಕಾ" ಅಂದೆ.

"ಹೋಯ್ಲಿ" ಅಂದಳು.