ಅರ್ಧಚ್ಛೇದವೂ ಲಘುಗಣಕವೂ

ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಿದರೆ ಒಂದು ಉಳಿಯುವುದೋ ಆ ಸಲಗಳ ಎಣಿಕೆಗೆ ಜೈನ ಗಣಿತಜ್ಞರು ಅರ್ಧಚ್ಛೇದವೆಂದು ಹೆಸರಿಟ್ಟರು. 32ರ ಅರ್ಧಚ್ಛೇದ 5. ರಾಷ್ಟ್ರಕೂಟರ ಕಾಲದ ವೀರಸೇನಾಚಾರ್ಯರು ತಮ್ಮ ಧವಲಾ ಟೀಕೆಯಲ್ಲಿ ಇದರ ನಿಯಮಗಳನ್ನು ಹೇಳಿದ್ದಾರೆ: ಗುಣಲಬ್ಧದ ಅರ್ಧಚ್ಛೇದವು ಗುಣ್ಯಗುಣಕಗಳ ಅರ್ಧಚ್ಛೇದಗಳ ಮೊತ್ತ, ಭಾಗಲಬ್ಧದ್ದು ಅವುಗಳ ಅಂತರ. ಹಳಗನ್ನಡ ಲಿಪಿಯಲ್ಲಿ ಬರೆದ ಈ ಗ್ರಂಥದ ತಾಳೆಯೋಲೆಗಳನ್ನು ಮೂಡಬಿದರೆಯ ಬಸದಿಯು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿತು. ಅದು ಅಚ್ಚಿಗೆ ಬರತೊಡಗಿದ್ದು 1939ರಲ್ಲಿ.

ಇಷ್ಟರಿಂದ ಎಲ್ಲವೂ ನಮ್ಮಲ್ಲೇ ಹುಟ್ಟಿತೆಂದು ಜಂಬಪಡುವುದು ಉಚಿತವಲ್ಲ. ಲಘುಗಣಕದ ಕೋಷ್ಟಕವನ್ನು ರಚಿಸಿ ಗಣಕರ ಶ್ರಮವನ್ನು ತಗ್ಗಿಸಿದ ಕೀರ್ತಿ 1614ರಲ್ಲಿ ನೇಪಿಯರನಿಗೂ, 1624ರಲ್ಲಿ ಹದಿನಾಲ್ಕು ದಶಾಂಶಸ್ಥಾನಗಳವರೆಗೆ ಲೆಕ್ಕ ಕಟ್ಟಿದ ಬ್ರಿಗ್ಸನಿಗೂ ಸಲ್ಲತಕ್ಕದ್ದು. ಆದರೂ ಇಂದಿನ ಗಣಕಯಂತ್ರದ ಒಡಲನ್ನು ತೆರೆದು ನೋಡಿದವರಿಗೆ ವೀರಸೇನರ ನೆನಪು ಬಾರದೆ ಇರದು. ಯಂತ್ರವು 1000 ಎಂಬುದನ್ನು 1.953125 ಎಂಬ ಅಂಶವಾಗಿಯೂ 2ರ 9ನೆಯ ಘಾತವಾಗಿಯೂ ಒಡೆದಿಟ್ಟುಕೊಳ್ಳುತ್ತದೆ. ಬಿಂದುವು ಒಂದೆಡೆ ನಿಲ್ಲದೆ ಸರಿಯುವುದರಿಂದ ಇದಕ್ಕೆ ತೇಲುವ ಬಿಂದುವಿನ ಪದ್ಧತಿಯೆಂದು ಹೆಸರು. ಲಘುಗಣಕ ಬೇಕಾದಾಗ ಆ 9ನ್ನು 2ರ ಲಘುಗಣಕದಿಂದ ಗುಣಿಸಿ, ಅಂಶದ ಲಘುಗಣಕವನ್ನು ಕೂಡಿಸಿದರಾಯಿತು. ಆ 9 ಅರ್ಧಚ್ಛೇದವಲ್ಲದೆ ಮತ್ತೇನು?

ತೊಡಕಿರುವುದು ಒಂದರ ನೆರೆಹೊರೆಯಲ್ಲಿ. ಒಂದಕ್ಕಿಂತ ಕೂದಲೆಳೆಯಷ್ಟು ಕಡಮೆಯಾದ ಸಂಖ್ಯೆಯನ್ನು ಯಂತ್ರವು ಎರಡಕ್ಕೆ ಸಮೀಪದ ಅಂಶವೆಂದೂ ಅರ್ಧವೆಂದೂ ಒಡೆದರೆ, ಬಹುತೇಕ ಸಮವಾದ ಎರಡು ರಾಶಿಗಳನ್ನು ಒಂದರಿಂದೊಂದು ಕಳೆಯಬೇಕಾಗುತ್ತದೆ. ಉಳಿಯುವುದು ನಂಬಲಾಗದ ಕೊನೆಯ ಅಂಕೆ ಮಾತ್ರ. ಅಂಶವನ್ನು 2ರ ವರ್ಗಮೂಲಕ್ಕೂ ಅದರ ಅರ್ಧಕ್ಕೂ ನಡುವೆ ಇರಿಸಿಕೊಂಡು ನಿಪುಣರು ಇದನ್ನು ತಪ್ಪಿಸುತ್ತಾರೆ. ಇನ್ನೊಂದು ತೊಡಕು ಇದಕ್ಕಿಂತ ಕುಟಿಲವಾದದ್ದು.

ಗುತ್ತಲದ ರೈತನೊಬ್ಬನು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ಬಂದ ಒಂದು ಲಕ್ಷ ರೂಪಾಯಿಯನ್ನು ಶೇಕಡಾ 8ರ ಬಡ್ಡಿಗೆ ಠೇವಣಿ ಇಟ್ಟನೆಂದೂ, ಚಕ್ರಬಡ್ಡಿಯನ್ನು ದಿನದಿನವೂ ಕಟ್ಟುವರೆಂದೂ ಭಾವಿಸೋಣ. ದಿನದ ಬಡ್ಡಿ ರೂಪಾಯಿಗೆ 0.0002191781. ಏಳೇ ಅಂಕೆಗಳನ್ನು ಹಿಡಿಯುವ ಯಂತ್ರದಲ್ಲಿ ಇದಕ್ಕೆ ಒಂದನ್ನು ಕೂಡಿಸಿದರೆ ನಿಲ್ಲುವುದು 1.000219, ಬಾಲದ ಅಂಕೆಗಳು ಬಿದ್ದುಹೋದವು. ಅನಂತರ ಲಘುಗಣಕವನ್ನು ಎಷ್ಟೇ ನಿಷ್ಠೆಯಿಂದ ತೆಗೆದು 365ರಿಂದ ಗುಣಿಸಿದರೂ, ವರ್ಷಾಂತ್ಯಕ್ಕೆ 1,08,327 ರೂಪಾಯಿ 76 ಪೈಸೆ ಬರಬೇಕಾದಲ್ಲಿ ಬರುವುದು ಸುಮಾರು 1,08,321 ರೂಪಾಯಿ. ಏಳು ರೂಪಾಯಿಗೆ ಏನು ಮಹಾ ಎನ್ನುವವರು ಅದನ್ನು ಸಾವಿರ ಖಾತೆಗಳಿಂದ ಗುಣಿಸಿ ನೋಡಲಿ. ಕಳ್ಳನಿಲ್ಲದ ಕಳವು ಇದು! ಹದಿನಾರು ಅಂಕೆಗಳ ಯಂತ್ರವಾದರೂ ಈ ದೋಷದಿಂದ ಮುಕ್ತವಲ್ಲ. ಅಲ್ಲಿ ಒಂದಕ್ಕೆ 10ರ ಋಣ 16ನೆಯ ಘಾತವನ್ನು ಕೂಡಿಸಿದರೆ ಮೊತ್ತ ಒಂದೇ, ಲಘುಗಣಕ ಸೊನ್ನೆ.

ತೇಲುವ ಬಿಂದುವಿನ ಗಣನೆಗೆ 1985ರಲ್ಲಿ ನಿಶ್ಚಿತವಾದ ನಿಯಮಾವಳಿಯ ಹಿಂದಿದ್ದ ವಿಲಿಯಂ ಕಹಾನ್ ಎಂಬ ವಿದ್ವಾಂಸನ ಪರಿಹಾರವು ವಿನೋದಕರವಾಗಿದೆ. ಒಂದಕ್ಕೆ ಬಡ್ಡಿಯನ್ನು ಕೂಡಿಸಿದಾಗ ಬಂದ ಆ ಕೆಟ್ಟ ಮೊತ್ತವನ್ನೇ ಇಟ್ಟುಕೊಳ್ಳಿರಿ. ಅದರ ಲಘುಗಣಕವನ್ನು ಅಸಲು ಬಡ್ಡಿಯಿಂದ ಗುಣಿಸಿ, ಮೊತ್ತದಿಂದ ಒಂದನ್ನು ಕಳೆದ ಶೇಷದಿಂದ ಭಾಗಿಸಿರಿ. ಮೊತ್ತವು ಒಂದೇ ಆಗಿದ್ದರೆ ಬಡ್ಡಿಯನ್ನೇ ಉತ್ತರವೆಂದು ಹಿಡಿಯಿರಿ. ಲಘುಗಣಕದಲ್ಲಿಯೂ ಶೇಷದಲ್ಲಿಯೂ ಇರುವ ದೋಷ ಒಂದೇ ಆದುದರಿಂದ, ಭಾಗಾಕಾರದಲ್ಲಿ ಅವೆರಡೂ ಪರಸ್ಪರ ಹೊಡೆದುಹೋಗುತ್ತವೆ. ಅದೇ ಏಳಂಕೆಯ ಯಂತ್ರದಲ್ಲಿ ರೈತನ ಲೆಕ್ಕವನ್ನು ಈ ರೀತಿ ಮಾಡಿದರೆ 0.000219 ಎಂಬ ಶೇಷವು ಭಾಜಕವಾಗಿ, ವರ್ಷದ ಮೊತ್ತ 1,08,327 ರೂಪಾಯಿ 80 ಪೈಸೆಯಾಗುತ್ತದೆ. ಉಳಿದ ನಾಲ್ಕು ಪೈಸೆ ಏಳನೆಯ ಅಂಕೆಯ ಆಚೆಗಿನದು.