ಹಂಡೆ ಒಲೆಯ ಮಿಕ್ಕ ಕಾವು

ನಮ್ಮ ಸೀಮೆಯಲ್ಲಿ ಬಟ್ಟೆ ಒಣಗದ ಕಾಲ ಆಷಾಢ ಶ್ರಾವಣವಲ್ಲ, ಕಾರ್ತಿಕ. ಮಲೆನಾಡಿನವರಿಗೆ ಇದು ವಿಚಿತ್ರವಾಗಿ ಕೇಳಿಸೀತು. ಮುಂಗಾರಿನಲ್ಲಿ ಕೋಲಾರದ ಕಡೆ ಒಂದು ಹದ ಮಳೆ ಸುರಿದರೆ ಮರುದಿನವೇ ಬಿಸಿಲು ಕಾಯುತ್ತಿತ್ತು. ಹಿಂಗಾರು ಹಾಗಲ್ಲ. ಮದ್ರಾಸಿನ ಕಡೆ ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋದಲ್ಲಿ ಹೇಳಿದ್ದೇ ತಡ, ಮುಳಬಾಗಿಲು, ಶ್ರೀನಿವಾಸಪುರದ ಮೇಲೆ ಜಡಿ ಹಿಡಿಯುತ್ತಿತ್ತು. ಸುರಿಯದು, ಬಿಡದು. ಅದು ಮುಗಿಯುವಷ್ಟರಲ್ಲಿ ಧನುರ್ಮಾಸದ ಮಂಜು. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ನೆಲ ನಮ್ಮದು. ಸಂಜೆ ನಾಲ್ಕೂವರೆಯೊಳಗೆ ಹಗ್ಗದ ಬಟ್ಟೆ ಒಳಗೆ ತರದಿದ್ದರೆ ಇಬ್ಬನಿ ಇಳಿದು ಬೆಳಗಿನ ಹೊತ್ತಿಗೆ ಒಗೆದಾಗಿನಷ್ಟೇ ಒದ್ದೆಯಾಗಿರುತ್ತಿತ್ತು.

ಮುಳಬಾಗಿಲು ತಾಲ್ಲೂಕಿನ ನಮ್ಮ ಹಳ್ಳಿಮನೆ ಮಣ್ಣಿನ ಮಾಳಿಗೆಯದು. ನಡುಮನೆಯ ಜಂತೆಗೆ ಕತ್ತಾಳೆ ಹಗ್ಗ ಕಟ್ಟಿ ಉದ್ದನೆಯ ಬಿದಿರು ಗಳುವನ್ನು ಅಡ್ಡಲಾಗಿ ತೂಗುಹಾಕಿದ್ದರು, ಆಳೆತ್ತರಕ್ಕೂ ಮೇಲೆ, ನಾಗಂದಿಗೆಯ ಮಟ್ಟಕ್ಕೆ. ಬಟ್ಟೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಗಳುವಿನ ಆಚೆಗೆ ಹಾಯಿಸಿ, ಅದೇ ಕೋಲಿನಿಂದ ಎಳೆದು ಸುಕ್ಕು ಬಿಡಿಸಬೇಕು. ಆ ಕೋಲು ನನ್ನ ಕೈಗೆ ಬಂದ ದಿನ ಮನೆಯ ಯಜಮಾನಿಕೆಯೇ ಬಂದಷ್ಟು ಜಂಬವಿತ್ತು. ಅಜ್ಜಿಯ ಹದಿನೆಂಟು ಮೊಳದ ಸೀರೆಯನ್ನು ಒಂದೇ ಸಲಕ್ಕೆ ಹಾಯಿಸುತ್ತೇನೆಂದು ಹಟ ಹಿಡಿದೆ. ಸೀರೆ ಪೂರ್ತಿ ತಲೆಯ ಮೇಲೆ ಕುಸಿಯಿತು. ಅಜ್ಜಿ ಕಂಬದ ಪಕ್ಕ ನಿಂತು, ‘ಈ ಹುಡುಗಿ ಎಲ್ಲಿ ಹೋದಳಪ್ಪ’ ಎಂದು ಸುತ್ತಲೂ ಹುಡುಕಿದಂತೆ ಮಾಡಿದಳು. ಗಳುವನ್ನು ಅಲ್ಲೇ ಏಕೆ ಕಟ್ಟಿದ್ದರೆಂದು ಆಮೇಲೆ ತಿಳಿಯಿತು. ಅಡುಗೆ ಒಲೆಯ ಕಾವು ಮೇಲೇರಿ ಗವಾಕ್ಷಿಯಿಂದ ಹೊರಗೆ ಹೋಗುವ ದಾರಿ ಅದು. ಕಾವೂ ಗಾಳಿಯೂ ಒಟ್ಟಿಗೆ ಸಿಗುವ ಜಾಗ ಮನೆಯಲ್ಲಿ ಅದೊಂದೇ.

ಬಿಸಿಲು ಇಣುಕಿದ ದಿನ ಮುಳಬಾಗಿಲಿನವರಿಗೆ ಬಂಡೆ ಇದ್ದೇ ಇತ್ತು. ಬಂಡೆ ಕಾದರೆ ಅಡಿಯಿಂದಲೂ ಮೇಲಿನಿಂದಲೂ ಒಟ್ಟಿಗೆ ಒಣಗುತ್ತದೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿ ದುಪ್ಪಟಿ ಹಾಸಿದರೆ ಎಂಥ ಮಾಗಿಯಲ್ಲೂ ಊಟದ ಹೊತ್ತಿಗೆ ಮಡಿಸಿಕೊಂಡು ಬರಬಹುದಿತ್ತು.

ಬಿಸಿಲಿಲ್ಲದ ದಿನ ಎಲ್ಲರ ಕಣ್ಣೂ ಬಚ್ಚಲುಮನೆಯ ಹಂಡೆ ಒಲೆಯ ಮೇಲೆ. ಬಟ್ಟೆ ಒಣಗಿಸಲೆಂದೇ ಒಂದು ಪುಳ್ಳೆ ಉರಿಸಿದವರನ್ನು ನಾನು ಕಾಣೆ. 1970ರ ಸುಮಾರಿಗೆ ಒಂದು ತಲೆಹೊರೆ ಸೌದೆಗೆ ಒಂದೂವರೆ ರೂಪಾಯಿ. ಕಳೆ ಕೀಳುವ ಹೆಣ್ಣಾಳಿನ ದಿನದ ಕೂಲಿಯೂ ಹತ್ತಿರಹತ್ತಿರ ಅಷ್ಟೇ. ಹಾಗಾಗಿ ಮನೆಮಂದಿಯ ಸ್ನಾನವೆಲ್ಲ ಮುಗಿದು, ಹಂಡೆಯ ನೀರು ತಳ ಕಂಡು, ಒಲೆಯಲ್ಲಿ ಕೆಂಡ ಮಾತ್ರ ಉಳಿದಾಗ ಬಟ್ಟೆಯ ಸರದಿ. ಬಿಸಿ ಕಟ್ಟೆಯ ಮೇಲೆ ಲಂಗ, ಚಡ್ಡಿ ಹರವುತ್ತಿದ್ದರು. ತಾಮ್ರದ ಹಂಡೆಯ ಹೊಟ್ಟೆಗೆ ಟವಲು ಸುತ್ತುತ್ತಿದ್ದರು. ಹಿಂಡಿದ ಮೇಲೂ ಲಂಗದಲ್ಲಿ ನೀರು ಉಳಿದಿದ್ದರೆ ಅಮ್ಮ ಅದನ್ನು ಒಣಗಿದ ಪಂಚೆಯೊಳಗೆ ಚಾಪೆಯಂತೆ ಸುತ್ತಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತಾನು ಹಿಡಿದು ತಿರುಚುತ್ತಿದ್ದಳು. ಪಂಚೆ ಒದ್ದೆಯಾಗುತ್ತಿತ್ತು, ಲಂಗ ಅರ್ಧ ಒಣಗುತ್ತಿತ್ತು.

ಇದ್ದದ್ದು ಒಂದೇ ಜೊತೆ ಸ್ಕೂಲು ಬಟ್ಟೆ, ನೀಲಿ ಲಂಗ ಮತ್ತು ಬಿಳಿ ರವಿಕೆ. ಜಡಿ ಹಿಡಿದ ವಾರದಲ್ಲಿ ಅದನ್ನು ಸಂಜೆ ಒಗೆದು ಬೆಳಿಗ್ಗೆ ತೊಡಬೇಕು. ಊರಿನ ಇಸ್ತ್ರಿಯವನು ಒಂದಕ್ಕೆ 10 ಪೈಸೆ ಕೇಳುತ್ತಿದ್ದ. ಅದರ ಬದಲು ಅಣ್ಣ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ, ಕಂಠವನ್ನು ಬಟ್ಟೆಯಲ್ಲಿ ಹಿಡಿದು, ತಳದ ಮಸಿ ಒರೆಸಿ ಉಜ್ಜುತ್ತಿದ್ದ. ಒದ್ದೆ ಹತ್ತಿಯಿಂದ ಹಬೆ ಏಳುವಾಗ ಗಂಜಿಯ ಹುಳಿ, ನೀಲಿಯ ವಾಸನೆ, ಚೂರು ಕರಿಕು, ಮೂರೂ ಸೇರಿ ಮೂಗಿಗೆ ಬರುತ್ತಿತ್ತು. ಆ ಬಿಸಿ ರವಿಕೆ ಹಾಕಿಕೊಂಡು ಚಳಿಯಲ್ಲಿ ಹೊರಟರೆ ಊರ ಬಾಗಿಲು ದಾಟುವವರೆಗೂ ಬೆನ್ನು ಬೆಚ್ಚಗಿರುತ್ತಿತ್ತು. ಆ ಸುಖಕ್ಕಾಗಿಯೇ ನಾನು ಜಡಿಮಳೆ ಬರಲಿ ಎಂದು ದೇವರಿಗೆ ಕೈಮುಗಿದದ್ದುಂಟು.

ಹೈಸ್ಕೂಲಿಗೆಂದು ಮುಳಬಾಗಿಲು ಪೇಟೆಯಲ್ಲಿ ಬಾಡಿಗೆ ಮನೆ ಮಾಡಿದ್ದಾಗ ಪಕ್ಕದ ಮನೆಯಲ್ಲಿ ಮಡಿಯ ಅಜ್ಜಿಯೊಬ್ಬರಿದ್ದರು, ಶ್ರೀಪಾದರಾಜ ಮಠಕ್ಕೆ ನಡೆದುಕೊಳ್ಳುವವರು. ಅವರ ಗಳುವಿನ ಹತ್ತಿರ ನಾವು ಸುಳಿಯುವಂತಿರಲಿಲ್ಲ. ಕಾರ್ತಿಕದಲ್ಲಿ ಮಡಿಸೀರೆ ಒಣಗದಿದ್ದರೆ ಅಡುಗೆ ಹೇಗೆ ಎಂಬುದು ನನ್ನ ದೊಡ್ಡ ಕುತೂಹಲವಾಗಿತ್ತು. ಕೇಳಿಯೇಬಿಟ್ಟೆ. ‘ಧಾಬಳಿ ಇದೆಯಲ್ಲ ಮಗು’ ಎಂದರು. ಉಣ್ಣೆಯ ಬಟ್ಟೆಗೆ ಮೈಲಿಗೆಯಿಲ್ಲ, ದಿನಾ ಒಗೆಯಬೇಕಿಲ್ಲ. ಒಂದು ಧಾಬಳಿ ಉಟ್ಟು ಜಡಿಯನ್ನೆಲ್ಲ ಕಳೆಯುತ್ತಿದ್ದರು. ಒಣಗಿಸುವ ಕಷ್ಟಕ್ಕೆ ಒಗೆಯದಿರುವುದೇ ಉಪಾಯವೆಂದು ಅವರಿಂದ ಕಲಿತ ಹುಡುಗಿ ಮನೆಗೆ ಬಂದು ಅಮ್ಮನಿಗೆ ಹೇಳಿ ಬೈಸಿಕೊಂಡಳು.

ಶ್ರೀನಿವಾಸಪುರದ ಹತ್ತಿರದ ಸೋದರತ್ತೆಯ ಮನೆಯ ಕಥೆ ಬೇರೆ. ಅವರದು ರೇಷ್ಮೆ ಹುಳು ಸಾಕುವ ಮನೆ. ಚಳಿಗಾಲದಲ್ಲಿ ಹುಳುವಿನ ಕೋಣೆಗೆ ಇದ್ದಿಲಿನ ಕುಂಪಟಿ ಇಡುತ್ತಿದ್ದರು. 25 ಡಿಗ್ರಿಯ ಆಸುಪಾಸು ಬೆಚ್ಚಗಿಲ್ಲದಿದ್ದರೆ ಹುಳು ಸೊಪ್ಪು ತಿನ್ನದೆ ಮಂಕಾಗುತ್ತವೆ. ಊರಿಗೆಲ್ಲ ಬೆಚ್ಚಗಿದ್ದದ್ದು ಅದೊಂದೇ ಕೋಣೆ. ರಜಕ್ಕೆ ಹೋಗಿದ್ದ ನಾನು ನನ್ನ ಒದ್ದೆ ಲಂಗವನ್ನು ಹಿಡಿದು ಅದರ ಬಾಗಿಲಿಗೆ ಹೋದೆ. ಅತ್ತೆ ಹೊಸಿಲಲ್ಲೇ ತಡೆದರು. ಹಣ್ಣಾಗುವ ಹುಳಕ್ಕೆ ಒಣ ಗಾಳಿ ಬೇಕು, ತೇವ ಹೆಚ್ಚಾದರೆ ರೋಗ ಬರುತ್ತದೆ, ಸೋಪಿನ ವಾಸನೆಯಂತೂ ಕೂಡದು. ಹುಳು ಗೂಡು ಕಟ್ಟುವ ತಟ್ಟೆಯತ್ತ ಕೈ ತೋರಿಸಿ, ‘ಚಂದ್ರಿಕೆಯಲ್ಲಿರೋದು ವರ್ಷದ ಸಾಲ ಕಣಮ್ಮ, ನಿನ್ನ ಲಂಗಕ್ಕೆ ನನ್ನ ಮಗ್ಗುಲು ಗೋಡೆ ಸಾಕು’ ಎಂದರು. ನಿಜವಾಗಿಯೂ ಆ ಕೋಣೆಯ ಆಚೆ ಗೋಡೆ, ಅವರು ಮಲಗುವ ಪಡಸಾಲೆಯ ಕಡೆಯದು, ಬೆಚ್ಚಗಿತ್ತು. ಅದಕ್ಕೆ ಗೂಟ ಹೊಡೆದು ಹಗ್ಗ ಕಟ್ಟಿದ್ದರು. ಗೋಡೆಯ ಈಚೆ ನಮ್ಮ ಬಟ್ಟೆ, ಆಚೆ ಗೂಡು ಕಟ್ಟುತ್ತಿದ್ದ ಹುಳು.

1978ರಲ್ಲಿ ಮಾಲೂರಿಗೆ ಸೊಸೆಯಾಗಿ ಹೋದೆ. ಅಲ್ಲಿ ಸೌದೆಯ ಬದಲು ನೀಲಗಿರಿ ಎಲೆ. ತೋಪುಗಳಲ್ಲಿ ಗುಡಿಸಿ ಗೋಣಿಗೆ ತುಂಬಿ ತಂದದ್ದು ಪುಕ್ಕಟೆ. ಭರ್ರನೆ ಉರಿಯುತ್ತದೆ, ಕೆಂಡ ನಿಲ್ಲುವುದಿಲ್ಲ, ಹಾಗಾಗಿ ಮಿಕ್ಕ ಕಾವೂ ಕಡಿಮೆ. ಬಚ್ಚಲಿನ ಮೇಲೆ ಕಟ್ಟಿದ ಬಟ್ಟೆಗೆಲ್ಲ ನೆಗಡಿಗೆ ಹಚ್ಚುವ ಮುಲಾಮಿನ ವಾಸನೆ ಹತ್ತುತ್ತಿತ್ತು, ಬಸ್ಸಿನಲ್ಲಿ ಪಕ್ಕ ಕೂತವರು ಮಾಲೂರಿನವರೆಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನೆರೆಮನೆಯವರು ತಮ್ಮ ಪಂಚೆಯನ್ನು ಗೂಡಿನ ಬದಿಯಲ್ಲಿ ಒಣಗಿಸಿ ತರುತ್ತಿದ್ದರು. ಬೇಗ ಒಣಗುತ್ತಿತ್ತು, ಅಂಚಿಗೆ ಮಾತ್ರ ಕೆಂಪು ಧೂಳು. ನನ್ನ ಬಾಣಂತನಕ್ಕೆ ಅತ್ತೆ ಕುಂಪಟಿಯ ಮೇಲೆ ಬಿದಿರು ಕುಕ್ಕೆ ಬೋರಲು ಹಾಕಿ ಮಗುವಿನ ಬಟ್ಟೆ ಹರವಿದರು, ಕೆಂಡಕ್ಕೆ ಚಿಟಿಕೆ ಸಾಂಬ್ರಾಣಿ. ಕುಂಪಟಿ ಇದ್ದದ್ದು ನನಗೂ ಮಗುವಿಗೂ ಶಾಖಕ್ಕೆ. ಬಟ್ಟೆಗೆ ಸಿಕ್ಕಿದ್ದು ಅದರ ಪಾಲು. ಕಿಟಕಿಯೊಂದನ್ನು ಅವರು ಎಂದೂ ಮುಚ್ಚಗೊಡಲಿಲ್ಲ. ಇದ್ದಿಲಿನ ಹೊಗೆ ಕಾಣದಿದ್ದರೂ ಜೀವ ತೆಗೆಯುತ್ತದೆಂದು ಓದು ಬಾರದ ಆ ಹೆಂಗಸಿಗೆ ಗೊತ್ತಿತ್ತು.

ಆಮೇಲಿನದು ಬೇಗ ಬೇಗ ಬದಲಾಯಿತು. ಕತ್ತಾಳೆ ಹಗ್ಗ ಹೋಗಿ, ಬಿಳಿ ಬಟ್ಟೆಗೆ ಕಲೆ ಮಾಡದ ನೈಲಾನ್ ಹಗ್ಗ ಬಂತು. ಹತ್ತಿಯ ಜಾಗಕ್ಕೆ ಟೆರಿಕಾಟ್ ಬಂದು ಒಣಗುವ ಹೊತ್ತು ಅರ್ಧಕ್ಕೆ ಇಳಿಯಿತು. ಮಣ್ಣಿನ ಗೋಡೆ ಕೋಣೆಯ ತೇವವನ್ನು ಅಷ್ಟಿಷ್ಟು ಹೀರುತ್ತಿತ್ತು. ಸಿಮೆಂಟಿಗೆ ಬಣ್ಣ ಬಳಿದ ಗೋಡೆ ಹೀರುವುದಿಲ್ಲ, ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನೇ ನಿಷೇಧಿಸಿತು, ನೆಲದ ನೀರು ಬತ್ತಿದ ನಮ್ಮ ಜಿಲ್ಲೆಗೆ ಅದು ಬೇಕಾಗಿಯೇ ಇತ್ತು. ಅಡುಗೆಗೆ ಗ್ಯಾಸು, ಸ್ನಾನಕ್ಕೆ ಸೋಲಾರ್. ಹೊಗೆ ಹೋಯಿತು, ಹೆಂಗಸರ ಕಣ್ಣುರಿ ಹೋಯಿತು. ಬಟ್ಟೆಗೆ ಪಾಲು ಕೊಡುತ್ತಿದ್ದ ಬೆಂಕಿಯೊಂದೂ ಮನೆಯೊಳಗೆ ಉಳಿಯಲಿಲ್ಲ. ನೀರು ಕಾಯುವುದೂ ಈಗ ತಾರಸಿಯ ಮೇಲೆ.

ಈಗ ನಾನು ಕೋಲಾರದಲ್ಲಿ ಮಗನ ಮನೆಯಲ್ಲಿದ್ದೇನೆ. 2024ರ ಡಿಸೆಂಬರಿನ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಜಡಿ ಹಿಡಿದಾಗ ಮೊಮ್ಮಗಳ ಯೂನಿಫಾರಂ ಒಣಗದೆ ಸೊಸೆ ಡ್ರೈಯರ್ ತರೋಣವೆಂದಳು. ಕೂತು ಲೆಕ್ಕ ಹಾಕಿದೆವು. ಡ್ರೈಯರ್ ಒಂದು ಸಲಕ್ಕೆ ಎರಡು ಮೂರು ಯೂನಿಟ್ ನುಂಗುತ್ತದೆ. 75 ವ್ಯಾಟಿನ ಸೀಲಿಂಗ್ ಫ್ಯಾನು ಎಂಟು ಗಂಟೆ ತಿರುಗಿದರೂ ಮುಕ್ಕಾಲು ಯೂನಿಟ್ಟೂ ಆಗದು. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಬಿಲ್ಲು ಪೂರ್ತಿ ನಮ್ಮ ಮೇಲೆಯೇ. ಡ್ರೈಯರ್ ಮಾತು ಅಲ್ಲಿಗೆ ನಿಂತಿತು. ಮೆಷಿನ್ನಿನಲ್ಲಿ ಎರಡು ಸಲ ಹಿಂಡಿಸುತ್ತೇವೆ. ಸ್ಟ್ಯಾಂಡನ್ನು ಗೋಡೆಗೆ ಒತ್ತದೆ ಫ್ಯಾನಿನ ಅಡಿಗೆ ಇಟ್ಟು, ಬಟ್ಟೆ ಬಟ್ಟೆಗೆ ನಾಲ್ಕು ಬೆರಳು ಬಿಟ್ಟು ಹರವುತ್ತೇವೆ. ದಪ್ಪನೆಯವು ಅಂಚಿಗೆ, ತೆಳುವಾದವು ನಡುವೆ. ಎದುರುಬದುರಿನ ಎರಡು ಕಿಟಕಿ ಒಂದೊಂದು ಗೇಣು ತೆರೆದಿರಬೇಕು. ಚಳಿಯೆಂದು ಮೊಮ್ಮಗಳು ಮುಚ್ಚುತ್ತಾಳೆ, ನಾನು ಹೋಗಿ ತೆರೆಯುತ್ತೇನೆ. ಮಲಗುವ ಕೋಣೆಯಲ್ಲಿ ಮಾತ್ರ ಬೇಡವೆಂದು ಹೇಳಿದ್ದೇನೆ, ಮಗನಿಗೆ ಉಬ್ಬಸವಿದೆ. ಯೂನಿಫಾರಮ್ಮಿನ ಕಾಲರು, ಸೊಂಟದ ಪಟ್ಟಿ ಬೆಳಿಗ್ಗೆಗೆ ಇನ್ನೂ ತಣ್ಣಗಿದ್ದರೆ ಸೊಸೆ ಕರೆಂಟಿನ ಇಸ್ತ್ರಿಪೆಟ್ಟಿಗೆಯನ್ನು ಐದು ನಿಮಿಷ ಆಡಿಸುತ್ತಾಳೆ. ಬಿಸಿ ಶರಟು ತೊಟ್ಟ ಮೊಮ್ಮಗಳು, ‘ಅಜ್ಜಿ, ಇನ್ನೊಂದು ಸಲ ಹಿಂದುಗಡೆ’ ಎಂದು ಬೆನ್ನು ತಿರುಗಿಸುತ್ತಾಳೆ. ಸ್ಕೂಲು ಬಸ್ಸು ಎಂಟೂ ಕಾಲಿಗೆ.