ನ್ಯೂ ಹೇವನ್ನಿನ ನಿಂತ ಒಲೆಗಳು

ನ್ಯೂಯಾರ್ಕ್ ಮಹಾನಗರದಿಂದ ಈಶಾನ್ಯ ದಿಕ್ಕಿಗೆ ಹೊರಟ ರೈಲು ಕಡಲಂಚನ್ನು ಹಿಡಿದು ಸುಮಾರು ಎರಡು ಗಂಟೆಗಳ ಕಾಲ ಓಡಿದರೆ ನ್ಯೂ ಹೇವನ್ ನಗರ ಎದುರಾಗುತ್ತದೆ. ಕನೆಕ್ಟಿಕಟ್ ಸಂಸ್ಥಾನದ ಈ ಊರಿಗೆ ಬರುವ ಪ್ರವಾಸಿಗರಲ್ಲಿ ಬಹುಮಂದಿ ಯೇಲ್ ವಿಶ್ವವಿದ್ಯಾನಿಲಯದ ಕಲ್ಲಿನ ಗೋಪುರಗಳನ್ನೂ, ನಗರದ ನಡುವಿನ ಹಸುರು ಬಯಲನ್ನೂ, ಅದರ ಮೇಲೆ ಸಾಲಾಗಿ ನಿಂತ ಮೂರು ಹಳೆಯ ಚರ್ಚುಗಳನ್ನೂ ಕಂಡು ತೃಪ್ತರಾಗುತ್ತಾರೆ. ಆದರೆ ಬಯಲಿನಿಂದ ಕೆಲವೇ ನಿಮಿಷ ನಡೆದರೆ, ಕ್ರೌನ್ ಬೀದಿಯಲ್ಲಿ, ಕೆಂಪು ಇಟ್ಟಿಗೆಯ ಒಂದು ಪುಟ್ಟ ಕಟ್ಟಡವಿದೆ. ಅದರ ಹೆಸರು ಲೂಯೀಸ್ ಲಂಚ್. ಅಮೆರಿಕೆಯ ಆಹಾರದ ಕಥೆಯಲ್ಲಿ ಆ ಗೋಪುರಗಳಿಗಿಂತ ಇದರ ಖ್ಯಾತಿ ಕಡಿಮೆಯದಲ್ಲ.

ಡೆನ್ಮಾರ್ಕಿನಿಂದ ವಲಸೆ ಬಂದ ಲೂಯಿ ಲ್ಯಾಸನ್ ಎಂಬಾತ ೧೮೯೫ರಲ್ಲಿ ಈ ವ್ಯಾಪಾರವನ್ನು ಆರಂಭಿಸಿದನು. ೧೯೦೦ರಲ್ಲಿ ಅವಸರದಲ್ಲಿದ್ದ ಗಿರಾಕಿಯೊಬ್ಬನು ನಡೆಯುತ್ತ ತಿನ್ನಬಹುದಾದ ಏನನ್ನಾದರೂ ಕೊಡೆಂದು ಕೇಳಿದನಂತೆ. ಲ್ಯಾಸನ್ ಗೋಮಾಂಸದ ಕೈಮಾವನ್ನು ಬಿಲ್ಲೆಯಾಗಿ ತಟ್ಟಿ, ಬೇಯಿಸಿ, ಎರಡು ರೊಟ್ಟಿಯ ಹೋಳುಗಳ ನಡುವೆ ಇಟ್ಟುಕೊಟ್ಟನಂತೆ. ಹ್ಯಾಂಬರ್ಗರ್ ಹುಟ್ಟಿದ್ದು ಹೀಗೆಂದು ಆ ಮನೆತನದವರ ಹೇಳಿಕೆ. ವಿಸ್ಕಾನ್ಸಿನ್, ಟೆಕ್ಸಸ್ ಮೊದಲಾದ ಕಡೆಯ ಊರುಗಳೂ ಇದೇ ಕೀರ್ತಿಗೆ ಹಕ್ಕು ಸಾಧಿಸುತ್ತವೆ. ಊರಿನ ಅಭಿಮಾನವಂತೂ ಸಣ್ಣದಲ್ಲ. ೧೯೭೫ರಲ್ಲಿ ಹಳೆಯ ಜಾಗದಲ್ಲಿ ಈ ಕಟ್ಟಡ ನೆಲಸಮವಾಗುವ ಪ್ರಸಂಗ ಬಂದಾಗ ಅದನ್ನೇ ಎತ್ತಿ ತಂದು ಕ್ರೌನ್ ಬೀದಿಯಲ್ಲಿ ನಿಲ್ಲಿಸಿದರು.

ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಒಲೆಗಳ ಕಡೆಗೆ. ೧೮೯೮ರ ಕಾಲದ ಈ ಎರಕದ ಕಬ್ಬಿಣದ ಅನಿಲದ ಒಲೆಗಳು ಕಪಾಟಿನಂತೆ ನೆಟ್ಟಗೆ ನಿಂತಿವೆ. ಅಂದಂದು ಅರೆದ ಕೈಮಾದ ಬಿಲ್ಲೆಯನ್ನು ತಂತಿಯ ಚೌಕಟ್ಟಿನಲ್ಲಿ ಸಿಕ್ಕಿಸಿ ಒಳಕ್ಕೆ ತಳ್ಳುತ್ತಾರೆ. ಎರಡು ಮಗ್ಗುಲಿನಿಂದಲೂ ಏಕಕಾಲಕ್ಕೆ ಉರಿ ತಾಗುತ್ತದೆ. ಕರಗಿದ ಕೊಬ್ಬು ಹನಿಹನಿಯಾಗಿ ಕೆಳಕ್ಕೆ ತೊಟ್ಟಿಕ್ಕುತ್ತದೆ. ಬೆಂದ ಬಿಲ್ಲೆಯನ್ನು ಸುಟ್ಟ ರೊಟ್ಟಿಯ ಹೋಳುಗಳ ನಡುವೆ ಇಟ್ಟು ಕೊಡುತ್ತಾರೆ. ಚೀಸ್, ಈರುಳ್ಳಿ, ಟೊಮೇಟೊ ಇವಿಷ್ಟಕ್ಕೆ ಅನುಮತಿಯುಂಟು. ಕೆಚಪ್ ಕೇಳಿದವರಿಗೆ ನಿರಾಶೆಯೇ ಗತಿ.

ಆ ತೊಟ್ಟಿಕ್ಕುವ ಹನಿಗಳಲ್ಲಿಯೇ ಈ ಅಡುಗೆಯ ಮರ್ಮವೆಲ್ಲ ಅಡಗಿದೆ. ಅಮೆರಿಕೆಯ ಯಾವುದೇ ಅಂಗಡಿಯಲ್ಲಿ ಕೈಮಾದ ಪೊಟ್ಟಣವನ್ನು ಎತ್ತಿಕೊಂಡರೆ ಅದರ ಮೇಲೆ ೮೦/೨೦, ೮೫/೧೫, ೯೦/೧೦ ಎಂಬಂಥ ಅಂಕಿಗಳು ಕಾಣಿಸುತ್ತವೆ. ಮೊದಲನೆಯದು ನೆಣವಿಲ್ಲದ ಮಾಂಸದ ಪಾಲು, ಎರಡನೆಯದು ಕೊಬ್ಬಿನ ಪಾಲು. ಈ ಲೆಕ್ಕ ಹಸಿ ಮಾಂಸದ ತೂಕದ್ದು: ೮೦/೨೦ ಎಂದರೆ ನೂರು ಗ್ರಾಂ ಹಸಿ ಕೈಮಾದಲ್ಲಿ ಇಪ್ಪತ್ತು ಗ್ರಾಂ ಕೊಬ್ಬು. ಅಲ್ಲಿನ ಕಾನೂನಿನಂತೆ ಕೊಬ್ಬು ನೂರಕ್ಕೆ ಮೂವತ್ತನ್ನು ಮೀರಕೂಡದು. ಹೆಗಲಿನ ಭಾಗದ ಕೈಮಾ ಸಾಮಾನ್ಯವಾಗಿ ೮೦/೨೦ರ ಆಸುಪಾಸಿನದು. ಹಿಂದೊಡೆಯದರಲ್ಲಿ ಕೊಬ್ಬು ಇನ್ನೂ ಕಡಿಮೆ.

ಯಾವ ಅಂಕಿ ಶ್ರೇಷ್ಠ? ಮಾಡುವ ಅಡುಗೆಯನ್ನು ನೋಡಿ ಉತ್ತರ ಹೇಳಬೇಕು. ಬಿಲ್ಲೆಗೆ ೮೦/೨೦ ಒಪ್ಪುವುದೆಂದು ಬಲ್ಲವರ ಮತ; ಕರಗುವ ಕೊಬ್ಬು ಮಾಂಸವನ್ನು ಒಣಗಗೊಡದೆ ಮೃದುವಾಗಿಡುತ್ತದೆ. ಕೊಬ್ಬೂ ನೀರೂ ಹೋಗುವುದರಿಂದ ಬಿಲ್ಲೆ ಬೇಯುತ್ತ ಕುಗ್ಗುತ್ತದೆ. ಆದ್ದರಿಂದ ರೊಟ್ಟಿಗಿಂತ ತುಸು ಅಗಲವಾಗಿ ತಟ್ಟಿ, ನಡುವೆ ಹೆಬ್ಬೆರಳಿನಿಂದ ಒತ್ತಿ ಸಣ್ಣ ಗುಳಿ ಮಾಡುತ್ತಾರೆ. ಇಲ್ಲವಾದರೆ ಅದು ನಡುವೆ ಉಬ್ಬಿಕೊಳ್ಳುತ್ತದೆ. ಉಪ್ಪನ್ನು ಕೈಮಾದೊಳಗೆ ಬೆರೆಸಿ ನಾದಿದರೆ ಬಿಲ್ಲೆ ಬಿರುಸಾಗುವುದು. ಬೇಯಿಸುವ ಮುನ್ನ ಮೇಲೆ ಉದುರಿಸಿದರೆ ಸಾಕು. ಬೇಯುವಾಗ ಸಟ್ಟುಗದಿಂದ ಅದುಮಿದರೆ ರಸವೆಲ್ಲ ಬೆಂಕಿಯ ಪಾಲು. ಟೊಮೇಟೊ ಸಾರದಲ್ಲಿ ಕುದಿಸುವ ಅಡುಗೆಗೆ ೯೦/೧೦ ಮೇಲು. ಕೊಬ್ಬು ಹೆಚ್ಚಿರುವ ಕೈಮಾ ಮಾತ್ರ ದೊರೆತರೆ ಮೊದಲು ಅದನ್ನು ಉದುರುದುರಾಗಿ ಹುರಿದು, ಬಿಟ್ಟ ಕೊಬ್ಬನ್ನು ಬಸಿದು, ಅನಂತರ ಸಾರಕ್ಕೆ ಸೇರಿಸುತ್ತಾರೆ.

ಆದರೆ ಪೊಟ್ಟಣದ ಅಂಕಿ ಹೇಳದ ಸಂಗತಿಯೊಂದುಂಟು. ೧೯೯೩ರಲ್ಲಿ ಅಮೆರಿಕೆಯ ಪಶ್ಚಿಮದ ಸಂಸ್ಥಾನಗಳಲ್ಲಿ, ಉಪಾಹಾರ ಗೃಹಗಳ ಸರಣಿಯೊಂದರಲ್ಲಿ ಅರೆಬೆಂದ ಹ್ಯಾಂಬರ್ಗರ್ ತಿಂದು ನೂರಾರು ಮಂದಿ ಕಾಯಿಲೆ ಬಿದ್ದರು. ನಾಲ್ವರು ಮಕ್ಕಳು ಅಸುನೀಗಿದರು. ಇ. ಕೋಲಿ ಎಂಬ ಸೂಕ್ಷ್ಮಜೀವಿಯ ಒಂದು ಘೋರ ಬಗೆ ಅದಕ್ಕೆ ಕಾರಣವಾಗಿತ್ತು. ಇಡೀ ಮಾಂಸದ ತುಂಡಿನಲ್ಲಿ ಇಂಥ ಜೀವಿ ಸಾಮಾನ್ಯವಾಗಿ ಮೇಲ್ಮೈಯಲ್ಲಷ್ಟೇ ಇರುವುದರಿಂದ ಹೊರಗಿನ ಕಾವಿಗೆ ಸಾಯುತ್ತದೆ. ಅರೆದಾಗ ಹೊರಗಿನದು ಒಳಗೂ ಬೆರೆಯುತ್ತದೆ. ಮರುವರ್ಷವೇ ಸರ್ಕಾರ ಆ ಜೀವಿಯಿರುವ ಕೈಮಾವನ್ನು ಮಾರಾಟಕ್ಕೆ ಅನರ್ಹವೆಂದು ಸಾರಿತು. ಬಿಲ್ಲೆಯ ನಟ್ಟನಡುವಿನ ಕಾವು ೭೧ ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂಬುದು ಅಲ್ಲಿ ಮನೆಯಡುಗೆಗೆ ಹೇಳಿರುವ ನಿಯಮ. ಬಣ್ಣವನ್ನು ನಂಬುವಂತಿಲ್ಲ, ಆ ಕಾವು ಮುಟ್ಟುವ ಮೊದಲೇ ಮಾಂಸ ಕಂದಾಗಬಹುದು. ಉಷ್ಣಮಾಪಕದ ಕಡ್ಡಿಯೊಂದೇ ನಿಜ ನುಡಿಯುವ ಸಾಕ್ಷಿ. ಕೊಬ್ಬು ಕಡಿಮೆಯೆಂದು ದುಬಾರಿ ಪೊಟ್ಟಣ ಕೊಂಡ ಗೃಹಿಣಿಗೂ ಈ ಎಚ್ಚರ ತಪ್ಪದು.

ಇಷ್ಟನ್ನು ತಿಳಿದವರಿಗೆ ಕ್ರೌನ್ ಬೀದಿಯ ಆ ಹಳೆಯ ಒಲೆಗಳು ಬರಿಯ ಕೌತುಕದ ವಸ್ತುಗಳಾಗಿ ತೋರುವುದಿಲ್ಲ. ಆಹಾರ ಯಾವುದೇ ಇರಲಿ, ನಮ್ಮ ಹಿರಿಯರು ಅಡುಗೆಯ ಗುಟ್ಟನ್ನೆಲ್ಲ ‘ಹದ’ ಎಂಬ ಎರಡಕ್ಷರದಲ್ಲಿ ಅಡಗಿಸಿದ್ದಾರೆ. ಇಲ್ಲಿ ಹದ ಎರಡು: ಕೊಬ್ಬಿನದೊಂದು, ಬೆಂಕಿಯದೊಂದು. ಮೊದಲನೆಯದು ತಪ್ಪಿದರೆ ರುಚಿ ಕೆಡುತ್ತದೆ. ಎರಡನೆಯದು ತಪ್ಪಿದರೆ ಮನೆಯ ಮಗುವಿನ ಪ್ರಾಣಕ್ಕೇ ಕುತ್ತು ಬರಬಹುದು.